ಹುಂಜವನ್ನು ಆರಿಸುವ ಕೈ

ಜೀವಿಸಂಕುಲಗಳ ಉಗಮದ ಬಗ್ಗೆ ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಹೊರತಂದ ಪುಸ್ತಕದ ಮೊದಲ ಅಧ್ಯಾಯದಲ್ಲೇ ಭಾರತದಲ್ಲಿದ್ದ ಒಬ್ಬ ಅಧಿಕಾರಿಯ ಸ್ಮರಣೆ ಬರುತ್ತದೆ. ಅವರು ವಾಲ್ಟರ್ ಎಲಿಯಟ್. ಕನ್ನಡಿಗರಿಗೆ ಈ ಹೆಸರು ಹೊಸದೇನಲ್ಲ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯ ಮುಂದೆ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನಿಗೆ ಸೆರೆ ಸಿಕ್ಕ ಇಬ್ಬರು ಯುವ ಅಧಿಕಾರಿಗಳಲ್ಲಿ ಎಲಿಯಟ್ ಒಬ್ಬರು. ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳನ್ನು ನಕಲು ಮಾಡಿಸಿ ಕೂಡಿಹಾಕಿದವರೂ ಅವರೇ. 1854ರ ಹೊತ್ತಿಗೆ ಮದರಾಸ್ ಗವರ್ನರರ ಮಂಡಲಿಯಲ್ಲಿ ಸದಸ್ಯರಾಗಿದ್ದ ಅವರಿಗೆ 1856ರ ಆರಂಭದಲ್ಲಿ ಡಾರ್ವಿನ್ ಕಾಗದ ಬರೆದು ಊರಿನ ಸಾಕು ಪಾರಿವಾಳ ಮತ್ತು ಕೋಳಿಗಳ ಚರ್ಮಗಳನ್ನು ಕಳಿಸಿಕೊಡಿ ಎಂದು ಬೇಡಿದರು. ಪುಸ್ತಕದಲ್ಲಿರುವ ಕೃತಜ್ಞತೆ ಪಾರಿವಾಳಗಳ ಲೆಕ್ಕಕ್ಕೆ ಸೇರಿದ್ದು. ಆದರೆ ಕೋಳಿಗೂ ಪಾರಿವಾಳಕ್ಕೂ ಡಾರ್ವಿನ್ ಕೇಳುತ್ತಿದ್ದ ಪ್ರಶ್ನೆ ಒಂದೇ: ಒಂದೇ ಮೂಲದಿಂದ ಹುಟ್ಟಿದ ಹಕ್ಕಿಗಳು ಇಷ್ಟು ಬಗೆಯಾದದ್ದು ಹೇಗೆ? ಸಾಕುವವರ ಆಯ್ಕೆಯಿಂದ ಎಂಬುದು ಅವರು ಕಂಡುಕೊಂಡ ಉತ್ತರ. ತಳಿಯನ್ನು ಬದಲಿಸಬೇಕೆಂಬ ಯೋಚನೆಯೇ ಇಲ್ಲದೆ, ಇದ್ದುದರಲ್ಲಿ ಒಳ್ಳೆಯದನ್ನು ಉಳಿಸಿಕೊಂಡು ಉಳಿದದ್ದನ್ನು ಸಾರಿಗೆ ಹಾಕುವ ಸಾಮಾನ್ಯ ಮನುಷ್ಯನೂ ಕಾಲಾಂತರದಲ್ಲಿ ತಳಿಯನ್ನು ತಿದ್ದಿಬಿಡುತ್ತಾನೆ. ಇದನ್ನು ಡಾರ್ವಿನ್ ಅರಿವಿಲ್ಲದ ಆಯ್ಕೆ ಎಂದು ಕರೆದರು.

ಆ ಮಾತನ್ನು ಮದರಾಸಿನ ಸುತ್ತಮುತ್ತಲ ಕೋಳಿಗಳ ಮೇಲಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ತಳಿ ಅಂದರೆ ರಕ್ತ, ರಕ್ತ ಶುದ್ಧವಾಗಿದ್ದರೆ ತಳಿ ಶುದ್ಧ ಎಂದು ನಾವು ನಂಬಿಕೊಂಡು ಬಂದಿದ್ದೇವೆ. ನನಗೆ ತೋರುವಂತೆ ತಳಿಯನ್ನು ಕಟ್ಟುವುದೂ ಕೆಡಿಸುವುದೂ ಅದಕ್ಕೆ ಒಡ್ಡುವ ಪರೀಕ್ಷೆ. ಯಾವ ಹುಂಜ ಮುಂದಿನ ವರ್ಷಕ್ಕೆ ಉಳಿಯಬೇಕು ಎಂಬುದನ್ನು ಯಾವ ಒರೆಗಲ್ಲು ನಿರ್ಧರಿಸುತ್ತದೋ ಅದರಂತೆ ಹಕ್ಕಿಯ ಎಲುಬು, ಎದೆ, ಸ್ವಭಾವ ಎಲ್ಲ ತಿರುಗುತ್ತವೆ. ಈ ಸೀಮೆಯ ಕೋಳಿಗೆ ಕಳೆದ ಒಂದೂವರೆ ಸಾವಿರ ವರ್ಷಗಳಲ್ಲಿ ಕಾಳಗದ ಕಣ, ತಕ್ಕಡಿ, ಸೌಂದರ್ಯದ ವೇದಿಕೆ ಎಂಬ ಒರೆಗಲ್ಲುಗಳು ಸಿಕ್ಕಿವೆ. ಅದು ದಿನವೂ ಬದುಕುವ ಹಿತ್ತಲನ್ನೇ ಒರೆಗಲ್ಲಾಗಿ ಬರೆದಿಟ್ಟುಕೊಂಡವರು ತೀರ ಕಡಿಮೆ. ನಾಟಿ ತಳಿಯ ಸುಧಾರಣೆಯ ಹೆಸರಿನಲ್ಲಿ ಆದ ಸೋಲುಗಳೆಲ್ಲ ಆ ಕೊರತೆಯಿಂದಲೇ ಹುಟ್ಟಿದವು.

ಕಣದ ಹಳೆತನಕ್ಕೆ ಕಲ್ಲಿನ ಸಾಕ್ಷಿಯಿದೆ. ಚೆನ್ನೈಗೆ ದಕ್ಷಿಣದ ವಿಳುಪ್ಪುರಂ ಸೀಮೆಯ ಅರಸಲಾಪುರಂನಲ್ಲಿ ಕಾಳಗದಲ್ಲಿ ಸತ್ತ ಒಂದು ಹುಂಜಕ್ಕೆ ನಿಲ್ಲಿಸಿದ ವೀರಗಲ್ಲು ಸಿಕ್ಕಿದೆ. ಸುಮಾರು 5–6ನೇ ಶತಮಾನದ ವಟ್ಟೆಳುತ್ತು ಲಿಪಿಯಲ್ಲಿ ಬರೆದದ್ದು. ಹುಂಜದ ಚಿತ್ರದ ಜೊತೆಗೆ ಅದು ಯಾವ ಊರಿನ ಮೇಲ್ಚೇರಿಯದು ಎಂದೂ ಕಂಡರಿಸಿದ್ದಾರೆ. ಮದುರಾಂತಕದ ಕಡೆಯ ಇಂದಳೂರಿನಲ್ಲಿ ಇಂಥದೇ ಇನ್ನೊಂದು ಕಲ್ಲು, ಅದು ಕೀಳ್ಚೇರಿಯ ಹುಂಜದ್ದು. ತಮಿಳಿನ ಚೇರಿಯೇ ನಮ್ಮ ಕೇರಿ. ಮೇಲಿನ ಕೇರಿಯ ಹುಂಜ, ಕೆಳಗಿನ ಕೇರಿಯ ಹುಂಜ ಎಂದು ಗುರುತಿಸಿದ್ದರಲ್ಲೇ ಹಕ್ಕಿ ಒಬ್ಬನ ಸೊತ್ತಾಗಿರದೆ ಇಡೀ ಕೇರಿಯ ಮಾನವಾಗಿತ್ತು ಎಂಬುದು ಗೊತ್ತಾಗುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಕಾಳಿ ಎಂಬ ಬೇಟೆನಾಯಿಯನ್ನು ನೆನೆಯುತ್ತದೆ. ಆ ನಾಯಿ ಮಣಲೇರ ಎಂಬ ವೀರನ ಕೈಗೆ ಬಂದದ್ದು ಚೆನ್ನೈಗೆ ಪಶ್ಚಿಮದಲ್ಲಿರುವ ತಕ್ಕೋಲದ ಯುದ್ಧದಲ್ಲಿ ತೋರಿದ ಸಾಹಸಕ್ಕೆ ಬಹುಮಾನವಾಗಿ. ಪ್ರಾಣಿಯ ಪರಾಕ್ರಮವನ್ನು ಕಲ್ಲಿಗೆ ಏರಿಸುವ ಮನಸ್ಸು ಎರಡೂ ನಾಡುಗಳಿಗೆ ಸಮಾನವಾಗಿತ್ತು. 12ನೇ ಶತಮಾನದ ಮೊದಲರ್ಧದಲ್ಲಿ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಕುಕ್ಕುಟ ವಿನೋದಕ್ಕೆ ಪ್ರತ್ಯೇಕ ಜಾಗ ಕೊಟ್ಟದ್ದೂ ಇದೇ ಮನಸ್ಸಿನಿಂದ. ಅಂದರೆ ಅರಮನೆಯಿಂದ ಕೇರಿಯವರೆಗೆ ಹುಂಜವನ್ನು ಗಮನಿಸುವ, ಹೋಲಿಸುವ, ನೆನಪಿಡುವ ಕಣ್ಣುಗಳಿದ್ದವು. ಆ ಗಮನವಿಲ್ಲದೆ ಯಾವ ತಳಿಯೂ ರೂಪುಗೊಳ್ಳುವುದಿಲ್ಲ.

ಕಣ ಕಟ್ಟಿದ ಹಕ್ಕಿಯನ್ನು ಅಸೀಲ್ ಎನ್ನುತ್ತಾರೆ. ಅರಬ್ಬಿಯಲ್ಲಿ ಅದಕ್ಕೆ ಕುಲೀನ, ಅಪ್ಪಟ ಎಂಬ ಅರ್ಥ. ತಮಿಳರು ಅದರ ದೊಡ್ಡ ಮೈಯ ಬಗೆಯನ್ನು ಪೆರುವಿಡೈ ಎಂದೂ ಚಿಕ್ಕ ಮೈಯ ಹಳ್ಳಿಕೋಳಿಯನ್ನು ಸಿರುವಿಡೈ ಎಂದೂ ಕರೆಯುತ್ತಾರೆ. ಪಶ್ಚಿಮದ ಕೋಳಿ ಹವ್ಯಾಸಿಗಳು ಈ ಎತ್ತರದ ಹಕ್ಕಿಯ ಒಂದು ಬಗೆಗೆ ಮದರಾಸ್ ಎಂದೇ ಹೆಸರಿಟ್ಟಿದ್ದಾರೆ. ಒಳ್ಳೆಯ ಅಸೀಲ್ ಹುಂಜವೊಂದನ್ನು ಹತ್ತಿರದಿಂದ ನೋಡಿ. ಜುಟ್ಟು ಬಟಾಣಿ ಕಾಳುಗಳನ್ನು ಸಾಲಾಗಿ ಒತ್ತಿಟ್ಟಂತೆ ಚಿಕ್ಕದು, ಕೊಕ್ಕಿನ ಕೆಳಗೆ ಜೋಲುವ ಚರ್ಮ ಇಲ್ಲವೆನ್ನುವಷ್ಟು ಕಡಿಮೆ. ಎದುರಾಳಿಯ ಕೊಕ್ಕಿಗೆ ಹಿಡಿತ ಸಿಗಬಾರದು, ಅದಕ್ಕೆ. ಕತ್ತು ದಪ್ಪ, ಕಣ್ಣಿನ ಗುಡ್ಡೆಯ ಸುತ್ತ ಮುತ್ತಿನ ಬಿಳುಪು, ಹುಬ್ಬಿನ ಎಲುಬು ಕಣ್ಣಿನ ಮೇಲೆ ಚಾಚಿ ನಿಂತಿರುತ್ತದೆ. ಗರಿಗಳು ಗಿಡ್ಡ, ಗಟ್ಟಿ, ಮೈಗೆ ಅಂಟಿದಂತೆ. ಎದೆಯೆಲುಬಿನ ತುದಿಯಲ್ಲಿ ಗರಿಯೇ ಇಲ್ಲದೆ ಕೆಂಪು ಚರ್ಮ ಕಾಣುತ್ತದೆ. ಬಾಲ ನೆಲದ ಕಡೆ ಇಳಿದಿರುತ್ತದೆ. ಬೆನ್ನು ಭುಜದಿಂದ ಇಳಿಜಾರು, ಕಾಲು ಕಂಬ. ತೂಕ ನಾಲ್ಕು ಕಿಲೋ ದಾಟುವುದು ಸಾಮಾನ್ಯ. ಕಣ್ಣಿಗೆ ಚೆಂದ ಕಾಣಲೆಂದು ಬಂದ ಒಂದು ಗರಿಯೂ ಈ ಮೈಯಲ್ಲಿಲ್ಲ. ಒಂದೊಂದು ಲಕ್ಷಣದ ಹಿಂದೆಯೂ ಎಷ್ಟೋ ತಲೆಮಾರುಗಳ ಸೋಲು ಗೆಲುವು ಇದೆ.

ಕಣದ ಆಯ್ಕೆ ನಡೆಯುತ್ತಿದ್ದ ಬಗೆಯಲ್ಲಿ ಸೂಕ್ಷ್ಮವಾದ ವಿವೇಕವಿತ್ತು. ಕಾದಾಡುವುದು ಹುಂಜ, ಆದರೆ ಅಸೀಲ್ ಸಾಕುವವರು ಬಿಟ್ಟುಕೊಡದೆ ಕಾಪಾಡುವುದು ಹೇಂಟೆಯನ್ನು. ಗೆದ್ದ ಹುಂಜವನ್ನು ಮಾರಿಯಾರು, ಅದರ ತಾಯಿಯನ್ನೂ ತಾಯಿಯ ಮೊಟ್ಟೆಯನ್ನೂ ಹೊರಗೆ ಕೊಡರು. ಹೇಂಟೆಯ ಯೋಗ್ಯತೆಯನ್ನು ಕಣ್ಣಿನಿಂದ ಅಳೆಯಲು ಬರುವುದಿಲ್ಲ, ಅವಳ ಮಕ್ಕಳ ನಡೆಯಿಂದ ಅಳೆಯಬೇಕು ಎಂಬುದು ಅವರಿಗೆ ಗೊತ್ತಿತ್ತು. ಇಂದು ಪಶುಸಂಗೋಪನೆಯ ಪಠ್ಯಗಳು ಸಂತತಿ ಪರೀಕ್ಷೆ ಎಂದು ಕಲಿಸುವುದು ಇದನ್ನೇ. ಕಣದ ನಿಯಮ ಬದಲಾದರೆ ಹಕ್ಕಿಯೂ ಬದಲಾಗುತ್ತಿತ್ತು. ಕಾಲಿಗೆ ಬಾಳು, ಅಂದರೆ ಚೂರಿ, ಕಟ್ಟಿ ಬಿಡುವ ಕಾಳಗ ಕ್ಷಣಗಳಲ್ಲಿ ಮುಗಿಯುತ್ತದೆ. ಅಲ್ಲಿ ಗೆಲ್ಲಿಸುವುದು ಮೊದಲ ಜಿಗಿತ ಮತ್ತು ಅದೃಷ್ಟ. ಬಾಳಿಲ್ಲದೆ ಬರಿಗಾಲಿನಲ್ಲಿ ಕಾದುವ ಪದ್ಧತಿಯಲ್ಲಿ ಎಲುಬಿನ ಗಟ್ಟಿತನ, ಉಸಿರಿನ ತಾಳಿಕೆ, ಪೆಟ್ಟು ತಿಂದು ನಿಲ್ಲುವ ಎದೆಗಾರಿಕೆ ಲೆಕ್ಕಕ್ಕೆ ಬರುತ್ತವೆ. ದೊಡ್ಡ ಎಲುಬಿನ ಭಾರಿ ಅಸೀಲನ್ನು ಕಡೆದದ್ದು ಈ ಎರಡನೆಯ ಪದ್ಧತಿಯೇ ಎಂದು ನನಗನ್ನಿಸುತ್ತದೆ. ಇನ್ನೊಂದು ಮಾತನ್ನೂ ಸೇರಿಸಬೇಕು. ತಮಿಳರು ಪಂಚಪಕ್ಷಿ ಶಾಸ್ತ್ರದ ಪ್ರಕಾರ ಹುಂಜಗಳನ್ನು ಬಣ್ಣದ ಮೇಲೆ ಕಾಗೆ, ನವಿಲು, ಗೂಬೆ ಮುಂತಾಗಿ ವಿಂಗಡಿಸಿ ಯಾವ ಹೊತ್ತಿಗೆ ಯಾವುದು ಗೆಲ್ಲುತ್ತದೆ ಎಂದು ಲೆಕ್ಕ ಹಾಕುತ್ತಿದ್ದರು. ತುಳುನಾಡಿನ ಕೋರಿಕಟ್ಟದಲ್ಲೂ ಕುಕ್ಕುಟ ಪಂಚಾಂಗ ನೋಡಿಯೇ ಹುಂಜ ಇಳಿಸುವವರಿದ್ದಾರೆ. ಬಣ್ಣಕ್ಕೂ ಗೆಲುವಿಗೂ ನಂಟಿಲ್ಲ, ನಿಜ. ಆದರೂ ಒಂದೊಂದು ಬಣ್ಣಕ್ಕೆ ಒಂದೊಂದು ದಿನ ಎಂದು ನಂಬಿದವರು ಎಲ್ಲ ಬಣ್ಣದ ಹಕ್ಕಿಗಳನ್ನೂ ಹಿತ್ತಲಲ್ಲಿ ಇಟ್ಟುಕೊಳ್ಳಲೇಬೇಕಾಗುತ್ತಿತ್ತು. ಹಾಗಾಗಿ ತಳಿಯೊಳಗಿನ ವೈವಿಧ್ಯ ಉಳಿದುಕೊಂಡಿತು. ಒಂದೇ ಬಣ್ಣವನ್ನು ಶ್ರೇಷ್ಠವೆಂದು ಸಾರುವ ಇಂದಿನ ಮಾನಕಗಳಿಗಿಂತ ಆ ನಂಬಿಕೆ ತಳಿಗೆ ಒಳ್ಳೆಯದನ್ನೇ ಮಾಡಿತು.

ಪರೀಕ್ಷೆ ಬದಲಾದರೆ ರಕ್ತ ಅದೇ ಇದ್ದರೂ ಹಕ್ಕಿ ಬೇರೆಯಾಗುತ್ತದೆ ಎಂಬುದಕ್ಕೆ ಅತಿ ಬಲವಾದ ಪುರಾವೆ ಕಡಲಾಚೆ ಇದೆ. ಬಂಗಾಳದ ಸೈನ್ಯದಲ್ಲಿ ಸೇನಾಪತಿಯಾಗಿದ್ದ ವಾಲ್ಟರ್ ರಾಲಿ ಗಿಲ್ಬರ್ಟ್ ಇಂಗ್ಲೆಂಡಿನ ಕಾರ್ನ್‌ವಾಲ್‌ನವರು. 19ನೇ ಶತಮಾನದ ಆರಂಭದಲ್ಲಿ ಅವರು ಕೆಂಪು ಅಸೀಲನ್ನು ಇಂಗ್ಲಿಷ್ ಕಾಳಗದ ಕೋಳಿಯೊಂದಿಗೆ ಕೂಡಿಸಿ ಇನ್ನೂ ಬಲವಾದ ಹೋರಾಟಗಾರನನ್ನು ಪಡೆಯಲು ಹೊರಟರೆಂದು ಆ ತಳಿಯ ಚರಿತ್ರೆ ಹೇಳುತ್ತದೆ. ಹುಟ್ಟಿದ ಹಕ್ಕಿಯ ಎದೆ ಅಗಲವಾಯಿತು, ಕಾಲು ಗಿಡ್ಡವಾಯಿತು, ಮೈ ಭಾರವಾಯಿತು. ಕಣದಲ್ಲಿ ಅದು ಕೆಲಸಕ್ಕೆ ಬರಲಿಲ್ಲ. ಅಡುಗೆಮನೆಯಲ್ಲಿ ಬಂತು. ಇಂಡಿಯನ್ ಗೇಮ್ ಎಂಬ ಹೆಸರಿನಲ್ಲಿ ಅದನ್ನು ಮಾಂಸಕ್ಕಾಗಿ ಆರಿಸತೊಡಗಿದರು. 1893ರಲ್ಲಿ ಅಮೆರಿಕದ ಕೋಳಿ ಮಾನಕದಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು, ಮುಂದೆ ಅಲ್ಲಿ ಕಾರ್ನಿಶ್ ಎಂಬ ಹೆಸರೇ ನಿಂತಿತು. 1948ರಲ್ಲಿ ಅಮೆರಿಕದಲ್ಲಿ ‘ನಾಳೆಯ ಕೋಳಿ’ ಎಂಬ ಹೆಸರಿನ ದೊಡ್ಡ ಸ್ಪರ್ಧೆಯ ಅಂತಿಮ ಸುತ್ತು ನಡೆಯಿತು. ಬೇಗ ಬೆಳೆಯುವ, ಎದೆ ತುಂಬಿದ ಹಕ್ಕಿ ಯಾರದು ಎಂದು ಅಳೆದು ತೂಗಿದಾಗ ಗೆದ್ದದ್ದು ಕ್ಯಾಲಿಫೋರ್ನಿಯಾದ ವ್ಯಾಂಟ್ರೆಸ್ ಬೆಳೆಸಿದ ಕಾರ್ನಿಶ್ ಸಂಕರ. ಇಂದು ಜಗತ್ತು ತಿನ್ನುವ ಬ್ರಾಯ್ಲರಿನ ತಂದೆಯ ಕಡೆಯ ವಂಶ ಈ ಕಾರ್ನಿಶ್. ಚೆನ್ನೈನ ಬೀದಿಯಲ್ಲಿ ಆರು ವಾರಕ್ಕೆ ಎರಡು ಕಿಲೋ ತೂಗಿ ತಕ್ಕಡಿಗೆ ಬರುವ ಬಿಳಿ ಕೋಳಿಯ ಪೂರ್ವಜರಲ್ಲಿ ಅಸೀಲ್ ಹುಂಜವೂ ಇದೆ ಎಂದರೆ ಅತಿಶಯೋಕ್ತಿಯಲ್ಲ. ಬ್ರಾಯ್ಲರ್ ಮರಿ ಸಂಕರದ್ದಾದ್ದರಿಂದ ಅದರ ಮಕ್ಕಳಲ್ಲಿ ಅದೇ ಗುಣ ನಿಲ್ಲುವುದಿಲ್ಲ. ಪ್ರತಿ ಬಾರಿಯೂ ರೈತ ಮರಿ ಕೊಂಡೇ ತರಬೇಕು, ಅಜ್ಜ ಅಜ್ಜಿಯರ ಹಿಂಡು ಕಂಪನಿಯ ಕೈಯಲ್ಲಿರುತ್ತದೆ. ಆರಿಸುವ ಕೈ ಕೇರಿಯನ್ನು ಬಿಟ್ಟು ಹೋದದ್ದು ಹೀಗೆ.

ಇತ್ತ ಮದರಾಸ್ ಪ್ರಾಂತ್ಯದಲ್ಲಿ ಸುಧಾರಣೆ ಎಂಬ ಮಾತು ಬೇರೆಯೇ ದಾರಿ ಹಿಡಿಯಿತು. ದಕ್ಷಿಣದ ಮೊದಲ ಪಶುವೈದ್ಯ ಕಾಲೇಜು 1903ರಲ್ಲಿ ಸೈದಾಪೇಟೆಯಲ್ಲಿ ಆರಂಭವಾಗಿ ಕೆಲವೇ ವರ್ಷಗಳಲ್ಲಿ ವೇಪೇರಿಗೆ ಬಂತು. 1956ರವರೆಗೆ ದಕ್ಷಿಣ ಕನ್ನಡ ಮದರಾಸಿಗೆ ಸೇರಿದ್ದರಿಂದ, ಅಲ್ಲಿ ಪಶುಸಂಗೋಪನೆಯ ಬಗ್ಗೆ ಆದ ಯೋಚನೆ ಮಂಗಳೂರಿನ ಗದ್ದೆಯ ಅಂಚಿಗೂ ಬರುತ್ತಿತ್ತು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜು ಶುರುವಾದದ್ದು 1958ರಲ್ಲಿ. 20ನೇ ಶತಮಾನದ ಮೊದಲರ್ಧದಲ್ಲಿ ಮಿಷನರಿಗಳೂ ಈ ಕೆಲಸಕ್ಕೆ ಇಳಿದರು. ತಿರುವಾಂಕೂರಿನ ಮಾರ್ತಾಂಡಂನಲ್ಲಿ ಸ್ಪೆನ್ಸರ್ ಹ್ಯಾಚ್, ಉತ್ತರ ಆರ್ಕಾಟಿನ ಕಾಟ್ಪಾಡಿಯಲ್ಲಿ ಅಮೆರಿಕನ್ ಆರ್ಕಾಟ್ ಮಿಷನ್ನಿನ ಕೃಷಿ ಸಂಸ್ಥೆ. ಅವರ ಕಳಕಳಿ ನಿಜವಾದದ್ದು, ಮಾರ್ತಾಂಡಂನ ಮೊಟ್ಟೆ ಸಹಕಾರ ಎಷ್ಟೋ ಬಡವರ ಮನೆಗೆ ಕಾಸು ತಂದಿತು. ಆದರೆ ತಳಿಯ ವಿಷಯದಲ್ಲಿ ಅವರ ಸೂತ್ರ ಒಂದೇ: ನಾಟಿ ಹುಂಜವನ್ನು ತೆಗೆದುಹಾಕಿ, ಬಿಳಿ ಲೆಗ್‌ಹಾರ್ನ್ ಹುಂಜವನ್ನು ಬಿಡಿ. ಮೊದಲ ತಲೆಮಾರಿಗೆ ಮೊಟ್ಟೆ ಹೆಚ್ಚುತ್ತದೆ, ಅದು ಸಂಕರದ ಸಹಜ ಲಾಭ. ಆಮೇಲೆ ಏನಾಗುತ್ತದೆ? ಲೆಗ್‌ಹಾರ್ನಿನ ಹೇಂಟೆ ಕಾವು ಕೂರುವುದನ್ನು ಮರೆತ ಹಕ್ಕಿ. ಮೊಟ್ಟೆ ಇಡುತ್ತಲೇ ಇರಲೆಂದು ಯುರೋಪು ಅಮೆರಿಕಗಳ ಸಾಕಣೆದಾರರು ಕಾವಿನ ಬಯಕೆಯನ್ನೇ ಅದರಿಂದ ಕಳೆದಿದ್ದರು. ಅವರಿಗೆ ಮರಿ ಮಾಡಲು ಯಂತ್ರವಿತ್ತು. ಹಳ್ಳಿಯ ಹಿತ್ತಲಲ್ಲಿ ಯಂತ್ರವೆಂದರೆ ಆ ಹೇಂಟೆಯೇ. ಜೊತೆಗೆ ಲೆಗ್‌ಹಾರ್ನಿನ ಬಿಳಿ ಗರಿ ಹದ್ದಿಗೆ ದೂರದಿಂದಲೇ ಕಾಣುತ್ತದೆ. 1920ರ ದಶಕದ ಕೊನೆಯಲ್ಲಿ ಹಿಮಾಲಯದ ರಾಣಿಖೇತ್‌ನಲ್ಲಿ ಗುರುತಿಸಿದ, ನಮ್ಮವರು ಕೊಕ್ಕರೆ ರೋಗ ಎನ್ನುವ ಬೇನೆ ಹಿಂಡುಗಳನ್ನು ಗುಡಿಸಿಹಾಕತೊಡಗಿದ ಮೇಲೆ ಮುಕ್ತೇಶ್ವರದಲ್ಲಿ ಲಸಿಕೆ ಸಿದ್ಧವಾಗುವವರೆಗೆ ಮೊಟ್ಟೆಯ ಲೆಕ್ಕಕ್ಕೆ ಅರ್ಥವೇ ಇರಲಿಲ್ಲ. ತಕ್ಕಡಿ ಮತ್ತು ಮೊಟ್ಟೆಯ ಬುಟ್ಟಿ ಸುಳ್ಳು ಹೇಳಲಿಲ್ಲ. ಅವು ಅಳೆದದ್ದು ಬೇರೊಂದು ಜಾಗದ ಬದುಕನ್ನು.

ಸ್ವಾತಂತ್ರ್ಯಾನಂತರ ವಿಶ್ವವಿದ್ಯಾಲಯಗಳು ಈ ಕೊರತೆಯನ್ನು ಅರ್ಧ ಮಟ್ಟಿಗೆ ಅರಿತವು. ಚೆನ್ನೈನ ನಂದನಂನಲ್ಲಿದ್ದ ಕೋಳಿ ಸಂಶೋಧನಾ ಕೇಂದ್ರದಿಂದ ನಂದನಂ ಎಂಬ ಹೆಸರಿನ ಸಾಲು ಸಾಲು ತಳಿಗಳು ಬಂದವು: ಕೋಳಿ, ಗೌಜಲಹಕ್ಕಿ, ನಾಟಿ ಕಪ್ಪು ಟರ್ಕಿಯನ್ನು ಬೆಲ್ಟ್ಸ್‌ವಿಲ್ ಬಿಳಿಯೊಂದಿಗೆ ಕೂಡಿಸಿದ ನಂದನಂ ಟರ್ಕಿ. 1989ರಲ್ಲಿ ಹುಟ್ಟಿದ ತಮಿಳುನಾಡು ಪಶುವೈದ್ಯಕೀಯ ವಿಶ್ವವಿದ್ಯಾಲಯ, ದೇಶದಲ್ಲೇ ಆ ಬಗೆಯ ಮೊದಲನೆಯದು, ಮಾಧವರಂನಲ್ಲಿ ಈ ಕೆಲಸವನ್ನು ಮುಂದುವರಿಸಿತು. ಅದೇ ಹೊತ್ತಿಗೆ ಬೆಂಗಳೂರಿನ ಹೆಬ್ಬಾಳದಲ್ಲಿ ಗಿರಿರಾಜ ಬಂತು, 2005ರಲ್ಲಿ ಸ್ವರ್ಣಧಾರ. ಬಣ್ಣದ ಗರಿ, ಬೇಗ ಬರುವ ತೂಕ, ಹಿತ್ತಲಲ್ಲಿ ಮೇದು ತಿನ್ನುವ ಗುಣ. ಇವು ಹಳ್ಳಿಯ ಕಡೆ ಮುಖ ಮಾಡಿದ ತಳಿಗಳು, ಅವನ್ನು ಕಟ್ಟಿದವರ ಶ್ರಮ ದೊಡ್ಡದು. ಆದರೆ ಗಿರಿರಾಜನ ಹೇಂಟೆಯೂ ಸಾಮಾನ್ಯವಾಗಿ ಕಾವು ಕೂರುವುದಿಲ್ಲ, ಮರಿಗಾಗಿ ಮತ್ತೆ ಕೇಂದ್ರದ ಬಾಗಿಲಿಗೇ ಹೋಗಬೇಕು. ಇನ್ನೊಂದು ತೊಡಕು ಪೇಟೆಯದು. ನಾವು ನಾಟಿ ಕೋಳಿ, ಜವಾರಿ ಕೋಳಿ, ಊರಕೋಳಿ ಎಂದು ಸೀಮೆಗೊಂದು ಹೆಸರಿನಲ್ಲಿ ಕರೆಯುವ, ಚೆನ್ನೈಯವರು ನಾಟ್ಟುಕೋಳಿ ಎನ್ನುವ ಹಕ್ಕಿಗೆ ಬೆಲೆ ಏರುತ್ತಿದ್ದಂತೆ, ಬಣ್ಣದ ಗರಿಯ ಸಂಕರಗಳೆಲ್ಲ ಆ ಹೆಸರಿನಲ್ಲಿ ಮಾರಾಟವಾಗತೊಡಗಿದವು. ಕೊಳ್ಳುವವರು ಗರಿಯ ಬಣ್ಣವನ್ನೇ ತಳಿಯ ಗುರುತೆಂದು ತಿಳಿದರು. ಅಪ್ಪಟ ಹಕ್ಕಿಯನ್ನು ನಿಧಾನವಾಗಿ ಬೆಳೆಸಿದವರಿಗೆ ಆ ಬೆಲೆ ದಕ್ಕಲಿಲ್ಲ.

ಇಲ್ಲಿ ಮೊದಲ ಆಕ್ಷೇಪ ಎದುರಾಗುತ್ತದೆ. ಕಣವನ್ನು ಹೀಗೆ ಹೊಗಳುವುದು ಕ್ರೌರ್ಯವನ್ನು ಹೊಗಳಿದಂತಲ್ಲವೇ? ಈ ಪ್ರಶ್ನೆ ಚೆನ್ನೈಗೆ ಹೊರಗಿನದಲ್ಲ. ಕಲಾಕ್ಷೇತ್ರವನ್ನು ಕಟ್ಟಿದ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ 1953ರಲ್ಲಿ ಖಾಸಗಿ ಮಸೂದೆ ಮಂಡಿಸಿದ್ದರಿಂದಲೇ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಗೆ ದಾರಿಯಾಯಿತು. ಆ ಕಾಯ್ದೆ ಪ್ರಾಣಿಗಳನ್ನು ಒಂದರ ಮೇಲೊಂದು ಛೂ ಬಿಡುವುದನ್ನು ಅಪರಾಧವೆಂದಿತು. 1962ರಲ್ಲಿ ಹುಟ್ಟಿದ ಪ್ರಾಣಿ ಕಲ್ಯಾಣ ಮಂಡಳಿಯ ಮೊದಲ ಅಧ್ಯಕ್ಷರೂ ಅವರೇ, ಅದರ ಮುಖ್ಯ ಕಚೇರಿ 2018ರವರೆಗೂ ಚೆನ್ನೈನಲ್ಲಿತ್ತು. ಕಾಯ್ದೆ ಸರಿ ಎಂದೇ ನನ್ನ ನಿಲುವು. ಕಣ್ಣು ಕಿತ್ತು ರಕ್ತ ಸೋರುವ ಹಕ್ಕಿಯ ನೋವಿಗೆ ತಳಿಯ ಶ್ರೇಷ್ಠತೆ ಉತ್ತರವಾಗದು. ಕಣದ ಒಳ್ಳೆಯತನ ಕಾಳಗದಲ್ಲಿರಲಿಲ್ಲ, ಕಾಳಗಕ್ಕಾಗಿ ಜನ ಇಟ್ಟ ಲೆಕ್ಕದಲ್ಲಿತ್ತು: ತಾಯಿ ಯಾರು, ಅವಳ ಎಷ್ಟು ಮಕ್ಕಳು ನಿಂತರು, ಯಾವ ಮನೆಯ ಹಕ್ಕಿ ಉಸಿರು ಕಟ್ಟದೆ ತಾಳಿತು ಎಂಬ ನೆನಪು. ಕಾಳಗಕ್ಕೆ ತಡೆ ಬಿದ್ದಾಗ ಆ ನೆನಪಿಗೂ ಕೆಲಸವಿಲ್ಲದಾಯಿತು, ಅದನ್ನು ಬೇರೆ ಕೆಲಸಕ್ಕೆ ಹಚ್ಚುವ ಯೋಚನೆ ಯಾರೂ ಮಾಡಲಿಲ್ಲ. ಕಾಯ್ದೆಯ ತಪ್ಪು ಅದಲ್ಲ. ಮರೆವು ದಾಖಲೆಯಲ್ಲೂ ಕಾಣುತ್ತದೆ: ಅಸೀಲಿನ ತವರೆಂದು ರಾಷ್ಟ್ರೀಯ ತಳಿಪಟ್ಟಿ ಬರೆದುಕೊಂಡಿರುವುದು ಛತ್ತೀಸಗಡ, ಒಡಿಶಾ ಮತ್ತು ಆಂಧ್ರವನ್ನು. ಹುಂಜಕ್ಕೆ ವೀರಗಲ್ಲು ನಿಲ್ಲಿಸಿದ ಸೀಮೆಯ ಹೆಸರು ಆ ಸಾಲಿನಲ್ಲಿಲ್ಲ.

ಕಣದ ಜಾಗಕ್ಕೆ ಈಗ ಪ್ರದರ್ಶನದ ವೇದಿಕೆ ಬಂದಿದೆ. ತಮಿಳುನಾಡಿನಲ್ಲಿ ಕಿಳಿಮೂಕ್ಕು ವಿಸಿರಿವಾಲ್, ಅಂದರೆ ಗಿಳಿಮೂಗು ಬೀಸಣಿಗೆಬಾಲ ಎಂಬ ಅಸೀಲ್ ಬಗೆಯನ್ನು ಸಿಂಗರಿಸಿ ನಿಲ್ಲಿಸಿ ಬಹುಮಾನ ಕೊಡುತ್ತಾರೆ, ಒಂದೊಂದು ಹಕ್ಕಿ ಸಾವಿರಗಟ್ಟಲೆ ಬೆಲೆಗೆ ಕೈ ಬದಲಿಸುತ್ತದೆ. ರಕ್ತವಿಲ್ಲದ ಸ್ಪರ್ಧೆ ಎಂಬ ಕಾರಣಕ್ಕೆ ಇದನ್ನು ಸ್ವಾಗತಿಸಬೇಕು, ಹಳೆಯ ಸಾಕಣೆದಾರರ ಕಸುಬು ಉಳಿಯಲು ಇದೂ ಒಂದು ಆಸರೆ. ಆದರೆ ಬಾಗಿದ ಕೊಕ್ಕು, ಉದ್ದ ಬಾಲ ಇವನ್ನೇ ಹಿಂಬಾಲಿಸಿದರೆ ಏನಾಗುತ್ತದೆ ಎಂಬುದನ್ನು ಇಂಗ್ಲೆಂಡ್ ಒಮ್ಮೆ ತೋರಿಸಿಕೊಟ್ಟಿದೆ. 1840ರ ದಶಕದ ಕೊನೆಯಲ್ಲಿ ಚೀನಾದಿಂದ ಬಂದ ಕೊಚಿನ್ ಕೋಳಿಗಳ ಮೇಲೆ ಅಲ್ಲಿನವರಿಗೆ ಹುಚ್ಚು ಹಿಡಿಯಿತು. ಒಳ್ಳೆಯ ಮೊಟ್ಟೆಯ ಹಕ್ಕಿ ಎಂದು ಹೆಸರಾಗಿದ್ದ ಅದನ್ನು ಮುಂದಿನ ದಶಕಗಳಲ್ಲಿ ವೇದಿಕೆಗಾಗಿ ಆರಿಸಿ ಆರಿಸಿ ಗರಿಯ ಗುಡ್ಡೆ ಮಾಡಿಟ್ಟರು, ಮೊಟ್ಟೆ ಹಿಂದೆ ಬಿತ್ತು. ತೀರ್ಪುಗಾರನ ಕಣ್ಣು ಹೇಂಟೆಯ ಕಾವನ್ನು ನೋಡಲಾರದು, ಮರಿಗಳಲ್ಲಿ ಎಷ್ಟು ಉಳಿದವು ಎಂಬುದನ್ನೂ ನೋಡಲಾರದು.

ಎರಡನೆಯ ಆಕ್ಷೇಪ ಹೊಟ್ಟೆಯದು, ಆದ್ದರಿಂದ ಹೆಚ್ಚು ತೂಕದ್ದು. ಲೆಗ್‌ಹಾರ್ನ್ ಮೂಲದ ಹೇಂಟೆ ವರ್ಷಕ್ಕೆ 300 ಮೊಟ್ಟೆ ಇಡುವಾಗ, ಅದರಲ್ಲಿ ಮೂರನೇ ಒಂದು ಪಾಲೂ ಕೊಡದ ಅಸೀಲನ್ನು ತಿದ್ದುತ್ತ ಕೂರುವುದು ಉಳ್ಳವರ ಹವ್ಯಾಸವಲ್ಲವೇ? ನಾಮಕ್ಕಲ್ಲಿನ ಕೋಳಿ ಸಾಕಣೆಯಿಲ್ಲದೆ ತಮಿಳುನಾಡಿನ ಶಾಲೆಗಳ ಮಧ್ಯಾಹ್ನದ ಊಟಕ್ಕೆ ಮೊಟ್ಟೆ ಬರುತ್ತಿರಲಿಲ್ಲ. ಇದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ನಗರಕ್ಕೆ ಮೊಟ್ಟೆ ನಾಮಕ್ಕಲ್ಲಿನಿಂದಲೇ ಬರಲಿ. ಆದರೆ ಆ 300 ಮೊಟ್ಟೆಯ ಹಿಂದೆ ಕೊಂಡು ತಂದ ಮೇವು, ಲಸಿಕೆ, ವಿದ್ಯುತ್ತು, ಮರಿ ಮಾಡುವ ಯಂತ್ರ ಎಲ್ಲ ಇವೆ. ಇವೊಂದೂ ಇಲ್ಲದ ಮನೆಯಲ್ಲಿ ಆ ಹಕ್ಕಿ ತಿಂಗಳು ಬಾಳುವುದೂ ಕಷ್ಟ. ಕೂಲಿಗೆ ಹೋಗುವ ಹೆಂಗಸು ಬೆಳಿಗ್ಗೆ ಪಂಜರ ತೆಗೆದು ಸಂಜೆ ಮುಚ್ಚುವ ಹಿತ್ತಲಲ್ಲಿ ಎಣಿಸಬೇಕಾದದ್ದು ಹೇಂಟೆ ಇಟ್ಟ ಮೊಟ್ಟೆಯನ್ನಲ್ಲ. ಕಾವು ಕೂತು ಎಬ್ಬಿಸಿದ ಮರಿಗಳಲ್ಲಿ ಹದ್ದು, ಬೆಕ್ಕು, ಮಳೆಗಾಲ ದಾಟಿ ಮಾರುವಷ್ಟಾದವು ಎಷ್ಟು ಎಂಬುದನ್ನು. ಈ ಲೆಕ್ಕದಲ್ಲಿ ಹೋಲಿಸಿದರೆ ಚಿತ್ರ ಬೇರೆ.

ಮೂರನೆಯವರು ಕೇಳುವುದು ಬುಡಕ್ಕೆ ಕೈಹಾಕುವ ಪ್ರಶ್ನೆ: ಅಪ್ಪಟ ತಳಿ ಎಂಬುದೇ ಕಟ್ಟುಕತೆಯಲ್ಲವೇ, ಎಲ್ಲವೂ ಬೆರೆತೇ ಬಂದದ್ದಲ್ಲವೇ? ಹೌದು, ಬೆರೆತೇ ಬಂದದ್ದು. ಎಲ್ಲ ಕೋಳಿಗಳೂ ಕೆಂಪು ಕಾಡುಕೋಳಿಯೊಂದರಿಂದಲೇ ಬಂದವೆಂದು ಡಾರ್ವಿನ್ ನಂಬಿದ್ದರು. ಬಹುಪಾಲು ಅದು ನಿಜ. ಆದರೆ 2008ರಲ್ಲಿ ಸ್ವೀಡನ್ನಿನ ಉಪ್ಸಲಾದ ವಿಜ್ಞಾನಿಗಳು ಹಳದಿ ಚರ್ಮ, ಹಳದಿ ಕಾಲು ಕೊಡುವ ಜೀನು ಬೂದು ಕಾಡುಕೋಳಿಯಿಂದ ಬಂದದ್ದೆಂದು ತೋರಿಸಿದರು. ಅದು ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಕೂಗುವ ಹಕ್ಕಿ. ಎಂದರೆ ಜಗತ್ತಿನ ಬಹುಪಾಲು ಸಾಕುಕೋಳಿಯ ಕಾಲಿನಲ್ಲಿ ದಕ್ಷಿಣ ಭಾರತದ ಕಾಡಿನ ಒಂದು ಗುರುತು ಇದೆ. ಶುದ್ಧ ರಕ್ತದ ವಾದ ಇದರ ಮುಂದೆ ನಿಲ್ಲುವುದಿಲ್ಲ. ಆದರೆ ನಾನು ಆ ವಾದವನ್ನು ಹಿಡಿದೇ ಇಲ್ಲ. ತಳಿ ಎಂದರೆ ಒಂದು ಸೀಮೆಯವರು ತಲೆಮಾರುಗಳ ಕಾಲ ಒಂದೇ ಪರೀಕ್ಷೆಗೆ ಬದ್ಧರಾಗಿದ್ದುದರ ಫಲ. ಅದನ್ನು ಬೆರಕೆ ಕೆಡಿಸುವುದಕ್ಕಿಂತ ಹೆಚ್ಚಾಗಿ ಆ ಬದ್ಧತೆಯ ಕೊನೆ ಕೆಡಿಸುತ್ತದೆ. ಚೆನ್ನೈಯಿಂದ ಉತ್ತರಕ್ಕೆ ಗಡಿ ದಾಟಿದರೆ ಶ್ರೀಕಾಳಹಸ್ತಿಯ ಸೀಮೆಯಲ್ಲಿ ಕಾಳಸ್ತಿ ಎಂಬ ತಳಿ, ಆಂಧ್ರ ಮತ್ತು ಕರ್ನಾಟಕಗಳಿಗೆ ಸೇರಿದ್ದೆಂದು ದಾಖಲಾದ ಘಾಗಸ್ ಎಂಬ ಇನ್ನೊಂದು ತಳಿ. ಎರಡಕ್ಕೂ ಪಟ್ಟಿಯಲ್ಲಿ ಹೆಸರು ಸಿಕ್ಕಿದೆ. ಹೆಸರು ಹಕ್ಕಿಯನ್ನು ಉಳಿಸದು, ಅದನ್ನು ಆರಿಸುತ್ತಲೇ ಇರುವ ಕೈಗಳು ಬೇಕು.

ಹೊರಗಿನ ಹುಂಜ ತರದೆ ತಳಿಯೊಳಗೇ ಆರಿಸಿ ಮುಂದೆ ಸಾಗಬಹುದು ಎಂಬುದು ಈಗ ಬರಿಯ ಆಸೆಯಲ್ಲ. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯ ಅಸೀಲನ್ನು ಅಸೀಲಿನೊಳಗೇ ಆರಿಸಿ ವನಶ್ರೀ ಎಂಬ ಸಾಲನ್ನು ರೂಪಿಸಿತು. ಮಾಧವರಂನ ವಿಶ್ವವಿದ್ಯಾಲಯವೂ ತನ್ನದೇ ಹೆಸರಿನ ಅಸೀಲನ್ನು ಹೊರತಂದಿದೆ. ನಿಧಾನವಾದ ಕೆಲಸ ಇದು. ತೂಕದಂಥ ಗುಣ ತಂದೆತಾಯಿಯಿಂದ ಮರಿಗೆ ಚೆನ್ನಾಗಿ ಇಳಿಯುತ್ತದೆ, ಮೊಟ್ಟೆಯ ಸಂಖ್ಯೆ ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ಸ್ವಭಾವವನ್ನೂ ತಿದ್ದಬಹುದು. ಅಸೀಲ್ ಮರಿಗಳು ಎಳವೆಯಲ್ಲೇ ಒಂದನ್ನೊಂದು ಕುಕ್ಕಿ ಗಾಯ ಮಾಡಿಕೊಳ್ಳುವುದು ಸಾಕುವವರಿಗೆಲ್ಲ ತಲೆನೋವು, ಅದು ಕಣ ಬಿಟ್ಟುಹೋದ ಬಾಕಿ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಲಿಯಂ ಮ್ಯೂರ್ 1990ರ ದಶಕದಲ್ಲಿ ಒಂಟಿ ಹೇಂಟೆಯ ಮೊಟ್ಟೆಯನ್ನು ಎಣಿಸುವ ಬದಲು ಒಂದು ಪಂಜರದ ಇಡೀ ಗುಂಪಿನ ಫಲವನ್ನು ನೋಡಿ ಆರಿಸಿದಾಗ, ಕೆಲವೇ ತಲೆಮಾರುಗಳಲ್ಲಿ ಕುಕ್ಕಾಟದ ಸಾವು ತೀರ ಇಳಿಯಿತು. ಎಣಿಸುವ ಬಗೆ ಬದಲಾಯಿತು, ಹಕ್ಕಿಯ ಸ್ವಭಾವವೇ ಬದಲಾಯಿತು.

ಹಿಂಡು ಚಿಕ್ಕದಾದರೆ ಒಳಸಂಬಂಧದಿಂದ ತಳಿ ಸೊರಗುತ್ತದೆ ಎಂಬ ಭಯ ನಿಜವಾದದ್ದು, ಅದಕ್ಕೂ ಲೆಕ್ಕವಿದೆ. ಅಮೆರಿಕದ ತಳಿವಿಜ್ಞಾನಿ ಸೀವಾಲ್ ರೈಟ್ 1931ರಲ್ಲಿ ಕೊಟ್ಟ ಸೂತ್ರ ಸರಳ: ಹುಂಜಗಳ ಸಂಖ್ಯೆಯನ್ನು ಹೇಂಟೆಗಳ ಸಂಖ್ಯೆಯಿಂದ ಗುಣಿಸಿ, ಮತ್ತೆ ನಾಲ್ಕರಿಂದ ಗುಣಿಸಿ, ಒಟ್ಟು ಹಕ್ಕಿಗಳಿಂದ ಭಾಗಿಸಿದರೆ ಆ ಹಿಂಡಿನ ನಿಜವಾದ ಬಲ ಎಷ್ಟು ಹಕ್ಕಿಯದೆಂದು ತಿಳಿಯುತ್ತದೆ. ಬಹುಮಾನ ಗೆದ್ದ ಒಂದೇ ಹುಂಜವನ್ನು 100 ಹೇಂಟೆಗಳಿಗೆ ಬಿಟ್ಟವನ ಹಿಂಡಿನಲ್ಲಿ 101 ಹಕ್ಕಿಗಳಿದ್ದರೂ ಬಲ 4ಕ್ಕೂ ತುಸು ಕಡಿಮೆ. ಹತ್ತು ಮನೆಗಳಲ್ಲಿ ಮನೆಗೊಂದು ಹುಂಜ, ನಾಲ್ಕು ಹೇಂಟೆ ಇದ್ದರೆ ಹಕ್ಕಿಗಳು 50, ಬಲ 32. ವರ್ಷಕ್ಕೊಮ್ಮೆ ಹುಂಜಗಳನ್ನು ಒಂದು ಮನೆಯಿಂದ ಪಕ್ಕದ ಮನೆಗೆ ದಾಟಿಸಿದರೆ ಅಪ್ಪ ಮಗಳ ಜೋಡಿ ತಪ್ಪುತ್ತದೆ. ಇದಕ್ಕೆ ಹೊಸ ಸಂಸ್ಥೆಯೇನೂ ಬೇಕಾಗಿಲ್ಲ. ಹೇಂಟೆಯನ್ನು ಪಾಲಿಗೆ ಸಾಕಲು ಕೊಟ್ಟು ಮರಿಗಳನ್ನು ಹಂಚಿಕೊಳ್ಳುವ ರೂಢಿ ತಮಿಳು ನಾಡಿನಲ್ಲೂ ಕನ್ನಡ ನಾಡಿನಲ್ಲೂ ಇವತ್ತಿಗೂ ಇದೆ. ಮಾಧವರಂ, ಹೆಬ್ಬಾಳದ ಕೇಂದ್ರಗಳು ಈ ಮನೆಗಳಿಗೆ ಮರಿಯ ಜೊತೆಗೆ ಒಂದು ನೋಟುಪುಸ್ತಕವನ್ನೂ ಕೊಡಬೇಕು. ಹೇಂಟೆಯ ಕಾಲಿಗೊಂದು ಬಳೆ, ಪುಸ್ತಕದಲ್ಲಿ ಅವಳಿಗೊಂದು ಹಾಳೆ, ಹಾಳೆಯಲ್ಲಿ ಮೂರೇ ಅಂಕಣಗಳು: ಕಾವಿಗೆ ಕೂತ ದಿನ, ಮೊಟ್ಟೆ ಒಡೆದು ಬಂದ ಮರಿ, ಮೂರು ತಿಂಗಳಿಗೆ ಉಳಿದ ಮರಿ. ಮುಂದಿನ ಹುಂಜ ಯಾವ ತಾಯಿಯ ಮಗನಾಗಬೇಕು ಎಂಬುದು ಮೂರನೆಯ ಅಂಕಣದಲ್ಲಿ ಬರೆದಿರುತ್ತದೆ.